ರ‍್ಯಾಮ್ ಮೀನಿನ ಮೊಟ್ಟೆಗೆ ರಾತ್ರಿಯ ಕಾವಲು

ಹಗಲೆಲ್ಲ ಗಂಡು ಹೆಣ್ಣು ಸರದಿಯ ಮೇಲೆ ಕಾದ ಮೊಟ್ಟೆಗಳು ಬೆಳಗಾಗುವಷ್ಟರಲ್ಲಿ ಕಾಣೆಯಾಗಿರುತ್ತವೆ. ರ‍್ಯಾಮ್ ಸಿಕ್ಲಿಡ್ ಸಾಕಿದವರಲ್ಲಿ ಈ ಸಂಕಟ ಪಡದವರು ಕಡಿಮೆ. ತಂದೆತಾಯಿಯೇ ತಿಂದುಬಿಟ್ಟವು ಎಂದುಕೊಂಡು ಮುಂದಿನ ಸಲ ಮೊಟ್ಟೆ ಕಂಡ ಕೂಡಲೇ ಅವು ಅಂಟಿದ ಕಲ್ಲನ್ನು ಎತ್ತಿ ಬೇರೆಡೆ ಇಡುತ್ತಾರೆ. ಹೆತ್ತವು ತಿನ್ನುವುದು ಸುಳ್ಳಲ್ಲ. ಆದರೆ ಹಲವು ಜಾತಿಯ ಮೀನುಗಳು ಕೂಡಿ ಬಾಳುವ ತೊಟ್ಟಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕತ್ತಲನ್ನು.

ರ‍್ಯಾಮ್‌ನ ತವರು ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳ ಲಾನೋಸ್ ಹುಲ್ಲುಬಯಲು. ಒರಿನೋಕೊ ನದಿಗೆ ಸೇರುವ ತೊರೆಗಳ, ಹೊಂಡಗಳ ಬೆಚ್ಚನೆಯ ಮೆದು ನೀರಿನಲ್ಲಿ ಅದು ಬೆಳೆದದ್ದು. 1948ರಲ್ಲಿ ಮೀನುತಜ್ಞರಾದ ಮೈಯರ್ಸ್ ಮತ್ತು ಹ್ಯಾರಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮೀನನ್ನು ಸಂಗ್ರಹಿಸಿ ತರಿಸಿದ ಮ್ಯಾನುಯೆಲ್ ರಾಮಿರೆಝ್ ಅವರ ನೆನಪಿಗೆ ರಾಮಿರೆಝಿ ಎಂದು ಹೆಸರಿಟ್ಟರು. ಸುಮಾರು 5 ಸೆಂಟಿಮೀಟರ್ ಉದ್ದದ ಈ ಜೀವಕ್ಕೆ ಸಂಸಾರದ ಜವಾಬ್ದಾರಿ ದೊಡ್ಡದು. ನಮ್ಮ ದೇಶದ ಮೂಲದ ಸಿಕ್ಲಿಡ್‌ಗಳು ಮೂರೇ ಜಾತಿ. ಅವುಗಳಲ್ಲಿ ಒಂದು ಕರ್ನಾಟಕದ ಕರಾವಳಿ ನದಿಗಳಲ್ಲಿ ಸಿಗುವ ಎಟ್ರೋಪ್ಲಸ್ ಕೆನರೆನ್ಸಿಸ್. ಕೇರಳದವರು ಕರಿಮೀನು ಎನ್ನುವುದು ಇನ್ನೊಂದು. ಕರಿಮೀನಿನಲ್ಲೂ ಗಂಡು ಹೆಣ್ಣು ಸೇರಿಯೇ ಮೊಟ್ಟೆ ಕಾಯುತ್ತವೆ.

ಜೋಡಿ ಕೂಡಿದ್ದು ತಿಳಿಯುವುದು ಸುಲಭ. ಹೆಣ್ಣಿನ ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಂಡಿನ ಬೆನ್ನುರೆಕ್ಕೆಯ ಮುಂದಿನ ಮುಳ್ಳುಗಳು ಉದ್ದ. ಎರಡೂ ಒಂದು ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡುತ್ತವೆ, ಇಲ್ಲವೇ ಮರಳಿನಲ್ಲಿ ಗುಂಡಿ ತೋಡುತ್ತವೆ. ಹೆಣ್ಣು ಸಾಲಾಗಿ ಅಂಟು ಮೊಟ್ಟೆ ಇಡುತ್ತಾ ಸಾಗಿದಂತೆ ಗಂಡು ಹಿಂದೆಯೇ ಬಂದು ಅವನ್ನು ಫಲಿತಗೊಳಿಸುತ್ತದೆ. ಒಂದು ಸಲಕ್ಕೆ ನೂರೈವತ್ತರಿಂದ ಮುನ್ನೂರರವರೆಗೂ ಮೊಟ್ಟೆ ಇರಬಹುದು.

ಇಲ್ಲಿ ನೀರಿನ ಮಾತು ಹೇಳಲೇಬೇಕು. ಹೀಟರ್ 28 ಡಿಗ್ರಿಯ ಆಸುಪಾಸಿನಲ್ಲಿರಲಿ. ಚಳಿಗಾಲದ ಬೆಂಗಳೂರಿನಲ್ಲಿ ಹೀಟರ್ ಇಲ್ಲದೆ ಈ ಮೀನಿನ ಸಂತಾನದ ಆಸೆ ಇಟ್ಟುಕೊಳ್ಳಬೇಡಿ. ಬೋರ್‌ವೆಲ್ ನೀರಿನ ಗಡಸುತನ ಇನ್ನೂ ದೊಡ್ಡ ತೊಡಕು. ಸುಣ್ಣದಂಶ ಹೆಚ್ಚಿದ ನೀರಿನಲ್ಲಿ ಮೊಟ್ಟೆಗಳು ಸರಿಯಾಗಿ ಫಲಿಸುವುದಿಲ್ಲ. ಎಷ್ಟು ಕಾದರೂ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತವೆ. ಆರ್‌ಒ ನೀರನ್ನೋ, ಮೊದಲ ಮಳೆಯನ್ನು ಹರಿಯಬಿಟ್ಟು ಆಮೇಲೆ ಹಿಡಿದ ಸ್ವಚ್ಛ ಮಳೆನೀರನ್ನೋ ಬೆರೆಸಿ, ಟಿಡಿಎಸ್ ಮೀಟರ್ ನೋಡಿಕೊಂಡು ನಿಧಾನವಾಗಿ ಮೆದುಮಾಡಬೇಕು. ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿದ ಎಲೆ ಒಂದೆರಡನ್ನು ತೊಳೆದು ಹಾಕಿದರೆ ನೀರು ತುಸು ಆಮ್ಲೀಯವಾಗುತ್ತದೆ, ಬೂಷ್ಟಿಗೂ ಸ್ವಲ್ಪ ತಡೆ.

ಮತ್ತೆ ಕತ್ತಲಿಗೆ ಬರೋಣ. ರ‍್ಯಾಮ್ ಕಣ್ಣಿನಿಂದ ಕಾವಲು ಕಾಯುವ ಮೀನು. ಟೆಟ್ರಾ ಹತ್ತಿರ ಸುಳಿದರೆ ರೆಕ್ಕೆ ಬಿಚ್ಚಿ ಅಟ್ಟಿಸಿಕೊಂಡು ಹೋಗುತ್ತದೆ. ದೀಪ ಆರಿದ ಮೇಲೆ ಆ ಶೌರ್ಯಕ್ಕೆ ದಾರಿ ಕಾಣುವುದಿಲ್ಲ. ಆದರೆ ತಳದಲ್ಲಿ ಓಡಾಡುವ ಕೋರಿ ಮೀನಿಗೆ ಕಣ್ಣೇ ಬೇಡ, ಮೀಸೆಯಿಂದ ತಡವಿ ಮೊಟ್ಟೆಯ ಜಾಗ ಕಂಡುಹಿಡಿಯುತ್ತದೆ. ಅಂಗಡಿಯವರು ಸಕ್ಕರ್ ಎನ್ನುವ ಪ್ಲೆಕೊ ಕೂಡ ರಾತ್ರಿಯೇ ಸಂಚರಿಸುವುದು. ಹಾಗಾಗಿ ಮೊಟ್ಟೆ ಇದ್ದಷ್ಟು ದಿನ ತೊಟ್ಟಿಯ ಹತ್ತಿರ ಒಂದು ಸಣ್ಣ ಮಂದ ದೀಪ ಉರಿಯಲಿ. ಇದು ಹಣ ಕೇಳದ ಉಪಾಯ, ನಾನು ಮೊದಲು ಹೇಳುವುದೂ ಇದನ್ನೇ. ಎರಡನೆಯದು, ತಳದಲ್ಲಿ ಓಡಾಡುವ ಮೀನುಗಳನ್ನು ಆ ದಿನಗಳ ಮಟ್ಟಿಗೆ ಬೇರೆ ತೊಟ್ಟಿಗೆ ಸಾಗಿಸುವುದು. ಸಾಧ್ಯವಾಗದಿದ್ದರೆ ನೀರು ಆಡುವಂಥ ಪ್ಲಾಸ್ಟಿಕ್ ಜಾಲರಿಯನ್ನು ತಳದವರೆಗೂ ಊರಿ ಜೋಡಿಗೆ ಒಂದು ಮೂಲೆಯನ್ನು ಬಿಟ್ಟುಕೊಡಿ.

ಹೊಸ ಜೋಡಿ ಮೊದಲ ಒಂದೆರಡು ಸಲ ತಾನಿಟ್ಟ ಮೊಟ್ಟೆಯನ್ನೇ ತಿನ್ನುವುದುಂಟು. ಗಾಜು ತಟ್ಟುವುದು, ಪದೇ ಪದೇ ಕೈ ಹಾಕುವುದು, ಮುಖ ಗಾಜಿಗೆ ಒತ್ತಿ ನೋಡುವುದು ಅವುಗಳ ಗಾಬರಿಯನ್ನು ಹೆಚ್ಚಿಸುತ್ತದೆ. ಮುಂಭಾಗದ ಗಾಜಿಗೆ ಕಾಗದ ಅಂಟಿಸಿ ಬಿಟ್ಟುಬಿಡಿ. ಜೋಡಿ ಆರೋಗ್ಯವಾಗಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಮೊಟ್ಟೆ ಇಡುತ್ತದೆ. ತಲೆಮಾರುಗಳಿಂದ ಕೃತಕವಾಗಿ ಬೆಳೆಸಿದ ಕೆಲವು ವಂಶಗಳಲ್ಲಿ ಕಾಯುವ ಬುದ್ಧಿ ಮಸುಕಾಗಿರುತ್ತದೆ. ಅಂಥ ಜೋಡಿಯಾದರೆ ಕಲ್ಲು ಎತ್ತುವುದೇ ಸರಿ. ಅದೇ ತೊಟ್ಟಿಯ ನೀರು ತುಂಬಿದ ಪಾತ್ರೆಯನ್ನು ಮುಳುಗಿಸಿ, ಕಲ್ಲು ಗಾಳಿಗೆ ತಾಗದಂತೆ ಅದರೊಳಗಿಟ್ಟು ಸಾಗಿಸಿ. ಅಷ್ಟೇ ಬಿಸಿಯ ಚಿಕ್ಕ ತೊಟ್ಟಿಯಲ್ಲಿ ಏರ್ ಸ್ಟೋನ್ ಪಕ್ಕದಲ್ಲಿರಲಿ, ನೀರು ಮೊಟ್ಟೆಗಳ ಮೇಲೆ ಹಾಯಲಿ, ಗುಳ್ಳೆ ಮಾತ್ರ ನೇರ ಬಡಿಯದಿರಲಿ. ತಂದೆತಾಯಿ ರೆಕ್ಕೆ ಬೀಸುತ್ತಾ ಮಾಡುವ ಕೆಲಸ ಇದೇ. ನೀರು ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಹಾಕಿ, ಬೆಳ್ಳಗಾದ ಮೊಟ್ಟೆಗಳನ್ನು ಡ್ರಾಪರ್‌ನಿಂದ ಎತ್ತಿ ತೆಗೆಯಿರಿ.

ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಈ ಹೊತ್ತಿನಲ್ಲಿ ಹೆತ್ತವು ಮರಿಗಳನ್ನು ಬಾಯಿಗೆ ತೆಗೆದುಕೊಳ್ಳುವುದನ್ನು ಕಂಡು ಹೆದರಿ ಜಾಲ ಹಾಕಬೇಡಿ. ಅವು ತೋಡಿಟ್ಟ ಗುಂಡಿಗೆ ಮರಿಗಳನ್ನು ಸಾಗಿಸುತ್ತಿರುತ್ತವೆ. ಬಾಲ ಅಲ್ಲಾಡಿಸುತ್ತಾ ಅಲ್ಲೇ ಬಿದ್ದಿರುವ ಮರಿಗಳಿಗೆ ಮೊಟ್ಟೆಯ ಭಂಡಾರವೇ ಊಟ. ಇನ್ನೂ ನಾಲ್ಕೈದು ದಿನಕ್ಕೆ ಅವು ಈಜಲು ಶುರುಮಾಡಿದ ಮೇಲೆಯೇ ಮೇವು ಬೇಕು. ಮೊದಲೆರಡು ದಿನ ಕಣ್ಣಿಗೆ ಕಾಣದಷ್ಟು ಸಣ್ಣ ಇನ್ಫ್ಯುಸೋರಿಯಾ, ಆಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ. ಆರ್ಟೀಮಿಯಾವನ್ನು ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಉಳಿದದ್ದನ್ನು ತೆಳುವಾದ ಪೈಪಿನಿಂದ ಹೀರಿ ತೆಗೆದು, ಅಷ್ಟೇ ಬಿಸಿಯ, ಅಷ್ಟೇ ಮೆದುವಾದ ನೀರನ್ನು ಹನಿಹನಿಯಾಗಿ ತುಂಬಿ. ಈ ಹಂತದಲ್ಲಿ ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ಕೊಳೆತ ಮೇವು ಮತ್ತು ಹಠಾತ್ತಾಗಿ ಬದಲಾದ ನೀರು.