ನಿಮ್ಮ ಹಳೆಯ ಕೆಲಸದ ಬಗ್ಗೆ ಅವರು ಯಾರನ್ನು ಕೇಳುತ್ತಾರೆ?

ಹೆಣ್ಣು ಕೊಡುವಾಗ, ತರುವಾಗ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಹುಡುಗನ ಮನೆಯವರು ಹೇಳಿದ್ದನ್ನಷ್ಟೇ ನಂಬದೆ ಅಕ್ಕಪಕ್ಕದವರನ್ನೂ, ಅವನ ಆಫೀಸಿನವರನ್ನೂ ಮೆಲ್ಲಗೆ ಕೇಳಿ ನೋಡುತ್ತೇವೆ. ಈಗ ಕಂಪೆನಿಗಳೂ ಮಾಡುವುದು ಇದನ್ನೇ. ಕೆಲಸಕ್ಕೆ ಆರಿಸಿದ ಮೇಲೆ, ಬಯೋಡೇಟಾದಲ್ಲಿ ಬರೆದದ್ದೆಲ್ಲ ನಿಜವೇ ಅಂತ ತನಿಖೆ ಮಾಡಿಸುತ್ತವೆ. ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್’ ಎಂದು ಇದಕ್ಕೆ ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಂತೂ ಇದು ಮಾಮೂಲು. ನಾಸ್ಕಾಂ ಸಂಸ್ಥೆ 2006ರಲ್ಲೇ ನೌಕರರ ವಿವರಗಳಿಗಾಗಿ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಎಂಬ ದಾಖಲೆಯನ್ನು ಆರಂಭಿಸಿತ್ತು.

ನಿಮ್ಮ ಮಗಳು ಮೊದಲ ಕೆಲಸಕ್ಕೆ ಸೇರುತ್ತಿರಬಹುದು. ಇಲ್ಲವೇ ಮಗುವಿಗಾಗಿ ಕೆಲಸ ಬಿಟ್ಟಿದ್ದ ನೀವೇ ಮತ್ತೆ ಹೊರಟಿರಬಹುದು. ತನಿಖೆ ಅಂದ ಕೂಡಲೇ ಇಬ್ಬರಿಗೂ ಎದೆ ಡವಡವ. ಅದು ಹೇಗೆ ನಡೆಯುತ್ತದೆಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಕೇಳುವವರು ಯಾರು?

ಸಾಮಾನ್ಯವಾಗಿ ಕಂಪೆನಿ ಈ ಕೆಲಸವನ್ನು ಬೇರೊಂದು ಏಜೆನ್ಸಿಗೆ ಒಪ್ಪಿಸುತ್ತದೆ. ಮೊದಲು ನಿಮ್ಮಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ಓದದೆ ಸಹಿ ಹಾಕಬೇಡಿ. ಆಮೇಲೆ ಏಜೆನ್ಸಿಯವರು ನಿಮ್ಮ ಹಳೆಯ ಕಂಪೆನಿಯ ಎಚ್.ಆರ್. ವಿಭಾಗಕ್ಕೆ ಬರೆದು ಕೇಳುತ್ತಾರೆ: ಈಕೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದರು? ಹುದ್ದೆ ಯಾವುದು? ಯಾಕೆ ಬಿಟ್ಟರು? ಬಾಕಿ ಏನಾದರೂ ಉಂಟೇ? ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ?

ನೀವು ಕೊಟ್ಟ ಫೋನ್ ನಂಬರನ್ನೇ ಅವರು ನಂಬಿ ಕೂರುವುದಿಲ್ಲ. ಕಂಪೆನಿಯ ನಂಬರು, ಇ-ಮೇಲ್ ವಿಳಾಸಗಳನ್ನು ತಾವೇ ಹುಡುಕುತ್ತಾರೆ. ಗೆಳತಿಯ ನಂಬರು ಕೊಟ್ಟು ‘ನಾನೇ ಮ್ಯಾನೇಜರು’ ಎನ್ನಿಸುವ ಉಪಾಯ ಇಲ್ಲಿ ನಡೆಯದು. ಹೆಸರು ಕೇಳದ ಕಂಪೆನಿಯಾದರೆ ಅದು ಸರ್ಕಾರದಲ್ಲಿ ನೋಂದಣಿಯಾಗಿದೆಯೇ ಎಂದು ನೋಡುತ್ತಾರೆ. ಕೆಲವೊಮ್ಮೆ ವಿಳಾಸಕ್ಕೆ ಆಳನ್ನೂ ಕಳಿಸುತ್ತಾರೆ.

ಪಿ.ಎಫ್. ಹೇಳುವ ಕಥೆ

2014ರಿಂದ ಪಿ.ಎಫ್. ಸದಸ್ಯರಿಗೆ ಯು.ಎ.ಎನ್. ಎಂಬ 12 ಅಂಕಿಗಳ ಸಂಖ್ಯೆ ಬಂದಿದೆ. ಕಂಪೆನಿ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಎಲ್ಲಿ, ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲವೂ ಅದರಡಿ ಸಾಲಾಗಿ ನಿಂತಿರುತ್ತದೆ. ಏಕಕಾಲಕ್ಕೆ ಎರಡು ಕಡೆ ದುಡಿದಿದ್ದರೆ ಅದೂ ಕಾಣಬಹುದು. ಎರಡು ದೋಣಿಯಲ್ಲಿ ಕಾಲಿಡುವುದನ್ನು ಕಂಪೆನಿಗಳು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರತಿಸ್ಪರ್ಧಿ ಕಂಪೆನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ 2022ರಲ್ಲಿ ಬಹಿರಂಗವಾಗಿಯೇ ಹೇಳಿದರು.

ಹಾಗಂತ ಪಿ.ಎಫ್. ಇಲ್ಲದಿದ್ದರೆ ಅನುಭವವೇ ಸುಳ್ಳು ಎಂದಲ್ಲ. ಸಾಮಾನ್ಯವಾಗಿ 20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಿಗೆ ಪಿ.ಎಫ್. ಕಡ್ಡಾಯ. ಸಣ್ಣ ಶಾಲೆ, ಅಂಗಡಿ, ಆಡಿಟರ ಆಫೀಸಿನಲ್ಲಿ ದುಡಿದವರು ನೇಮಕಾತಿ ಪತ್ರ, ಸಂಬಳದ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕು ತೋರಿಸಬಹುದು. ಸಂಬಳದಲ್ಲಿ ತೆರಿಗೆ ಮುರಿದುಕೊಂಡಿದ್ದರೆ ಅದರ ದಾಖಲೆಯೂ ಒಳ್ಳೆಯ ಸಾಕ್ಷಿಯೇ.

ಕೆಲವೊಮ್ಮೆ ಹಳೆಯ ಕಂಪೆನಿಯವರು ನೀವು ಬಿಟ್ಟ ತಾರೀಖನ್ನೇ ನಮೂದಿಸಿರುವುದಿಲ್ಲ. ಆಗ ಇನ್ನೂ ಅಲ್ಲೇ ಇದ್ದೀರಿ ಎಂಬಂತೆ ಕಾಣುತ್ತದೆ! ಅರ್ಜಿ ಹಾಕುವ ಮುಂಚೆಯೇ ಪಿ.ಎಫ್. ಜಾಲತಾಣದಲ್ಲಿ ನೋಡಿ, ಸರಿಪಡಿಸಿಕೊಳ್ಳಿ.

ಇಂಟರ್ನ್‌ಶಿಪ್ ಎಂಬ ತೊಡಕು

ಕಾಲೇಜು ಹುಡುಗಿಯರು ಮಾಡುವ ಇಂಟರ್ನ್‌ಶಿಪ್‌ಗೆ ಬಹಳ ಕಡೆ ಪಿ.ಎಫ್. ಇಲ್ಲ, ಸಂಬಳದ ಚೀಟಿಯೂ ಇಲ್ಲ. ಸರ್ಟಿಫಿಕೇಟು, ಕೆಲಸ ಕಲಿಸಿದ ಮೇಲಧಿಕಾರಿಯ ಮಾತು, ಕಾಲೇಜಿನ ಪತ್ರ, ಇವೇ ಆಧಾರ. ಮಗಳು ಅಲ್ಲಿಂದ ಹೊರಡುವ ದಿನವೇ ತಾರೀಖು, ಕೆಲಸದ ವಿವರ ಇರುವ ಪತ್ರವನ್ನು ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ ಕೇಳಿ ಪಡೆಯಲಿ. ಎರಡು ವರ್ಷ ಬಿಟ್ಟು ಹೋದರೆ ಆ ಮೇಲಧಿಕಾರಿ ಎಲ್ಲೋ, ಸಣ್ಣ ಕಂಪೆನಿಯಾದರೆ ಅದೇ ಎಲ್ಲೋ!

ಇನ್ನೊಂದು ಮಾತು. ಎರಡು ತಿಂಗಳ ಇಂಟರ್ನ್‌ಶಿಪ್ಪನ್ನು ‘ಆರು ತಿಂಗಳ ನೌಕರಿ’ ಅಂತ ಹಿಗ್ಗಿಸಿ ಬರೆಯಬಾರದು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಚಿಕ್ಕದಾದರೂ ಗಟ್ಟಿ.

ಮನೆಯಲ್ಲಿ ಕಳೆದ ವರ್ಷಗಳು

ಮಗುವಿಗಾಗಿ ನಾಲ್ಕು ವರ್ಷ ಮನೆಯಲ್ಲಿದ್ದವರಿಗೆ ಇದೇ ದೊಡ್ಡ ಚಿಂತೆ. ‘ದುಡ್ಡು ಕೊಡಿ, ನಾಲ್ಕು ವರ್ಷದ ಅನುಭವ ಪತ್ರ ಮಾಡಿಕೊಡ್ತೀವಿ’ ಎನ್ನುವ ದಲ್ಲಾಳಿಗಳು ಕಾಯುತ್ತಲೇ ಇರುತ್ತಾರೆ. ಸೋದರಿಯರೆ, ಆ ಬಲೆಗೆ ಬೀಳಬೇಡಿ. ತನಿಖೆಯಲ್ಲಿ ಹುಡುಕುವುದು ಹೇಳಿದ್ದಕ್ಕೂ ದಾಖಲೆಗೂ ತಾಳೆ ಇದೆಯೇ ಎಂಬುದನ್ನು. ‘2019ರಿಂದ 2023ರವರೆಗೆ ಮಗುವಿನ ಆರೈಕೆ’ ಎಂದು ಒಂದು ಸಾಲು ಬರೆದರೆ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಸೇರಿ ಆರು ತಿಂಗಳಾದ ಮೇಲೂ ಕೆಲಸ ಹೋಗಬಹುದು. ಅದರ ಜೊತೆಗೆ, ನೀವು ನಿಜವಾಗಿ ದುಡಿದ ವರ್ಷಗಳನ್ನೂ ಯಾರೂ ನಂಬರು.

ಹೆರಿಗೆ ರಜೆಯ ವಿಷಯದಲ್ಲಿ ಅನೇಕರು ತಪ್ಪುತ್ತಾರೆ. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆಯ ಹಕ್ಕಿದೆ. ರಜೆಯಲ್ಲಿದ್ದಾಗಲೂ ನೀವು ನೌಕರಿಯಲ್ಲೇ ಇದ್ದೀರಿ. ರಜೆಯಿಂದ ಮರಳದೆ ರಾಜೀನಾಮೆ ಕೊಟ್ಟಿದ್ದರೂ ಕೊನೆಯ ದಿನ ಎಂದರೆ ಬಿಡುಗಡೆ ಪತ್ರದಲ್ಲಿರುವ ದಿನ, ರಜೆಗೆ ಹೊರಟ ದಿನವಲ್ಲ.

ಹೆಸರಿನ ಗೊಂದಲವೂ ಉಂಟು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಅವರು ಕೇಳುವ ಮೊದಲೇ ವಿವಾಹ ನೋಂದಣಿ ಪತ್ರದ ಪ್ರತಿ ಕೊಟ್ಟುಬಿಡಿ. ಅಂದ ಹಾಗೆ, ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂಬ ಕಾನೂನೇನೂ ಇಲ್ಲ.

ಜೋಪಾನ ಮಾಡಬೇಕಾದ ಕಾಗದಗಳು

1. ನೇಮಕಾತಿ ಪತ್ರ, ಬಡ್ತಿ ಪತ್ರಗಳು.
2. ಬಿಡುಗಡೆ ಪತ್ರ ಮತ್ತು ಅನುಭವ ಪತ್ರ.
3. ಕೊನೆಯ ಮೂರು ತಿಂಗಳ ಸಂಬಳದ ಚೀಟಿ.
4. ಯು.ಎ.ಎನ್. ಸಂಖ್ಯೆ, ತೆರಿಗೆ ಕಡಿತದ ದಾಖಲೆ.
5. ಇಂಟರ್ನ್‌ಶಿಪ್ ಪತ್ರ.

ಎಲ್ಲಕ್ಕೂ ಒಂದೊಂದು ಪ್ರತಿ ಮಾಡಿಸಿ, ಒಡವೆ ಇಡುವ ಕಡೆಯೇ ಇಡಿ. ಇಷ್ಟಾದರೂ ವರದಿ ನಿಮಗೆ ವಿರುದ್ಧವಾಗಿ ಬಂದರೆ ಅಳುತ್ತ ಕೂರಬೇಡಿ. ಯಾವ ಅಂಶ ತಾಳೆಯಾಗಲಿಲ್ಲವೆಂದು ಬರವಣಿಗೆಯಲ್ಲಿ ಕೇಳಿ, ಕಾಗದ ಮುಂದಿಡಿ. ಮುಚ್ಚಿದ ಹಳೆಯ ಕಂಪೆನಿಯಿಂದ ಉತ್ತರ ಬಾರದೆ ಹೋದದ್ದು ನಿಮ್ಮ ತಪ್ಪಲ್ಲ. ಅದನ್ನು ಹೇಳುವ ಧೈರ್ಯವನ್ನು ನಿಮ್ಮ ಪೆಟ್ಟಿಗೆಯಲ್ಲಿರುವ ಆ ನಾಲ್ಕು ಕಾಗದಗಳೇ ಕೊಡುತ್ತವೆ.