ಸೌದೆಗೆ ಗೆದ್ದಲೇ? ಮೊದಲು ನೆಲದ ನಂಟು ಬಿಡಿಸಿ

ಮಳೆಗಾಲಕ್ಕೆಂದು ಬೇಸಗೆಯಲ್ಲೇ ಸೌದೆ ಒಡೆದು, ಒಣಗಿಸಿ ಕೊಟ್ಟಿಗೆ ತುಂಬಿಸುವುದು ಕರಾವಳಿಯ ನಮ್ಮೆಲ್ಲರ ರೂಢಿ. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ತುಂಬಿಸಿದ್ದೆ. ಆಟಿ ತಿಂಗಳಲ್ಲಿ ಅಡಿಯ ಸಾಲು ತೆಗೆಯಹೊರಟರೆ ಕೈಗೆ ಬಂದದ್ದು ಮಣ್ಣು! ಮೇಲೆ ತೊಗಟೆ, ಒಳಗೆ ಟೊಳ್ಳು. ಹೊರಗೋ ಜಡಿಮಳೆ. ಒಣಸೌದೆ ಎಲ್ಲಿಂದ ತರೋಣ? ಅಷ್ಟೇ ಅಲ್ಲ, ರಾಶಿ ಒರಗಿಸಿದ್ದ ಗೋಡೆಯ ಮೇಲೆ ಮಣ್ಣಿನ ಗೆರೆಯೊಂದು ಮಾಡಿನ ಪಕ್ಕಾಸಿನತ್ತ ಹೊರಟಿತ್ತು.

ಪೇಟೆಯಿಂದ ಕೀಟನಾಶಕ ತಂದೆ. ಮನೆಯಾಕೆ ತಡೆದಳು. "ನೀವು ಸಿಂಪಡಿಸಿ ತೋಟಕ್ಕೆ ಹೋಗ್ತೀರಿ. ಒಲೆ ಎದುರು ಕೂತು ಆ ಹೊಗೆ ಕುಡಿಯುದು ಯಾರು? ನಾನಲ್ವಾ?" ಮಾತು ನಿಜ. ಸೌದೆಗೆ ಹಾಕಿದ ವಿಷ ಒಲೆಯ ಮೂಲಕ ಮನೆಯೊಳಗೇ ಬರುತ್ತದೆ. ಹಿಂದೆ ನಾವೆಲ್ಲ ಧಾರಾಳವಾಗಿ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿಗೆ 1997ರಲ್ಲೇ ದೇಶದಲ್ಲಿ ನಿಷೇಧ ಬಂತು. ಡಬ್ಬಿ ಅಂಗಡಿಗೇ ವಾಪಸಾಯಿತು.

ದಾರಿ ಕಡಿಯುವುದೇ ಮದ್ದು

ನಮ್ಮ ಸೌದೆ ತಿನ್ನುವ ಗೆದ್ದಲಿನ ಗೂಡು ಸೌದೆಯಲ್ಲಿಲ್ಲ, ಮಣ್ಣಿನಡಿ ಇದೆ. ರಾಣಿಯೂ ಅಲ್ಲೇ. ನಮಗೆ ಕಾಣುವುದು ಆಳುಗಳು ಮಾತ್ರ; ಎಷ್ಟು ಕೊಂದರೂ ಮತ್ತೆ ಬರುತ್ತವೆ. ಆದರೆ ಇವುಗಳ ಮೈ ಮೆತ್ತಗೆ, ಗಾಳಿ ಬಿಸಿಲಿಗೆ ಒಣಗಿ ಸಾಯುತ್ತವೆ. ಹಾಗಾಗಿ ಮಣ್ಣು ಮೆತ್ತಿ, ಕೊಳವೆ ಕಟ್ಟಿಕೊಂಡೇ ಬರಬೇಕು. ಸೌದೆಯನ್ನು ನೆಲದಿಂದ ಎತ್ತಿಟ್ಟರೆ ಆ ಕೊಳವೆ ನಮ್ಮ ಕಣ್ಣಿಗೆ ಬೀಳುತ್ತದೆ.

ನಾವು ಮಾಡಿದ್ದಿಷ್ಟು:

* ಮುರಕಲ್ಲಿನಿಂದ ಒಂದೂವರೆ ಅಡಿ ಎತ್ತರದ ಕಾಲು ಕಟ್ಟಿ, ಮೇಲೆ ಹಳೆಯ ಸಿಮೆಂಟು ಕಂಬ ಅಡ್ಡ ಹಾಕಿದೆವು. ಮುರಕಲ್ಲಿನ ತೂತುಗಳೊಳಗಿಂದ ಗೆದ್ದಲು ಕಾಣದ ಹಾಗೆ ಏರೀತು. ಅದಕ್ಕೇ ಹೊರಮೈಗೆ ಸಿಮೆಂಟು ಸಾರಿಸಿದೆವು. ಅಡಿಕೆಮರದ ತುಂಡು ಹಾಸಬೇಡಿ, ಅದೇ ಏಣಿಯಾಗುತ್ತದೆ.
* ಗೋಡೆಗೂ ರಾಶಿಗೂ ನಡುವೆ ಒಂದು ಗೇಣು ಜಾಗ.
* ಚೆನ್ನಾಗಿ ಒಣಗಿದ ಮೇಲೇ ಪೇರಿಸುವುದು. ಸೋರುವ ಹಂಚು ಮೊದಲೇ ಸರಿಮಾಡುವುದು.
* ಅಡಿಯಲ್ಲಿ ಬಿದ್ದ ತೊಗಟೆ, ಹುಡಿ ಗುಡಿಸುವುದು.
* ಹಳೆಯದು ಮೊದಲು ಒಲೆಗೆ. ಮಾವು, ರಬ್ಬರಿನಂಥ ಮೆದು ಮರವನ್ನು ಬೇಗ ಮುಗಿಸುವುದು.
* ವಾರಕ್ಕೊಮ್ಮೆ ಟಾರ್ಚು ಹಿಡಿದು ಬಗ್ಗಿ ನೋಡುವುದು. ಕೊಳವೆ ಕಂಡರೆ ಕೆರೆದು ಹಾಕುವುದು. ಮತ್ತೆ ಕಟ್ಟುತ್ತದೆ, ಮತ್ತೆ ಕೆರೆಯಬೇಕು.

ಬೂದಿ ಹರಡಿಯೂ ನೋಡಿದ್ದೆ. ಥಂಡಿ ಹಿಡಿದ ಮೇಲೆ ಅದರ ಮೇಲೇ ದಾರಿ ಮಾಡಿತು.

ಈಗಾಗಲೇ ಹಿಡಿದಿದ್ದರೆ?

ಹಿಡಿದ ಸೌದೆಯನ್ನು ಬೇರೆ ಮಾಡಿ, ಅಂಗಳದಲ್ಲಿ ಕುಟ್ಟಿ ಮಣ್ಣು ಉದುರಿಸಿ. ಉದುರಿದ ಹುಳಕ್ಕೆ ಕೋಳಿಗಳು ಓಡಿ ಬರುತ್ತವೆ. ಬಿಸಿಲಿಗೆ ಹಾಕಿ, ಬಚ್ಚಲೊಲೆಗೆ ಮೊದಲು ಅದನ್ನೇ ಉರಿಸಿ. ಒಳ್ಳೆಯ ರಾಶಿಗೆ ಮತ್ತೆ ಸೇರಿಸಬೇಡಿ.

ಮೂರು ಮಳೆಗಾಲ ಕಳೆಯಿತು. ಕೊಳವೆ ಎರಡು ಸಲ ಕಲ್ಲಿನ ಕಾಲು ಹತ್ತಿದ್ದುಂಟು, ಸೌದೆ ಮುಟ್ಟಲಿಲ್ಲ. ತೋಟದಂಚಿನ ಹುತ್ತವನ್ನು ನಾನು ಕೆಡವಿಲ್ಲ. ಒಣಸೋಗೆ, ತರಗೆಲೆ ತಿಂದು ಮಣ್ಣು ಮಾಡುವ ಕೆಲಸ ಅಲ್ಲಿ ನಡೆಯಲಿ. ಸೌದೆ ಕೊಟ್ಟಿಗೆಗೆ ಮಾತ್ರ ಅವಕ್ಕೆ ಪ್ರವೇಶವಿಲ್ಲ!

ನಿಮ್ಮಲ್ಲಿ ಇದಕ್ಕಿಂತ ಸುಲಭದ ಉಪಾಯವಿದ್ದರೆ ಬರೆದು ತಿಳಿಸಿ.