ಖಿನ್ನತೆಯ ಗುಳಿಗೆ: ಶುರು ಮಾಡುವಾಗ, ನಿಲ್ಲಿಸುವಾಗ

ಖಿನ್ನತೆ ಮತ್ತು ನಿದ್ರಾಹೀನತೆಗೆ ಚಿಕಿತ್ಸೆ ಪಡೆಯುವವರ ಚೀಟಿಯಲ್ಲಿ ಅನೇಕ ಸಲ ಎರಡು ಬಗೆಯ ಗುಳಿಗೆಗಳಿರುತ್ತವೆ. ತಿಂಗಳು ಕಳೆದು ಮರುತಪಾಸಣೆಗೆ ಬಂದಾಗ ಕೆಲವರು ಹೀಗೆ ಹೇಳುತ್ತಾರೆ: "ಸಿಸ್ಟರ್, ನಿದ್ದಿ ಗುಳಿಗಿ ಚಲೋ ಅದರಿ, ಅದನ್ನ ತಗೋತೀನಿ. ಆ ಇನ್ನೊಂದು ಏನೂ ಮಾಡಂಗಿಲ್ಲ, ಅದಕ್ಕ ಬಿಟ್ಟೀನ್ರಿ."

ಅವರು ಬಿಟ್ಟದ್ದು ರೋಗಕ್ಕೆ ಕೊಟ್ಟ ಔಷಧಿ. ಉಳಿಸಿಕೊಂಡದ್ದು ಕೆಲವು ದಿನಗಳ ಆಸರೆಗೆಂದು ಕೊಟ್ಟದ್ದು. ಈ ತಪ್ಪು ನಿಮ್ಮಿಂದ ಆಗಬಾರದು. ಇದನ್ನು ನೀವೂ ಓದಿರಿ, ಮನೆಯವರಿಗೂ ಓದಿ ಹೇಳಿರಿ.

ಎರಡು ಗುಳಿಗೆ, ಎರಡು ಕೆಲಸ

ಮೊದಲನೆಯದು ಖಿನ್ನತೆ ನಿವಾರಕ. ಎಸ್ಸಿಟಾಲೋಪ್ರಾಂ, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್ ಈ ಗುಂಪಿನವು. ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಮುಂತಾದ ರಾಸಾಯನಿಕಗಳ ಮೇಲೆ ಇವು ನಿಧಾನವಾಗಿ ಕೆಲಸ ಮಾಡುತ್ತವೆ. ಇವು ಚಟ ಹಿಡಿಸುವ ಔಷಧಿಗಳಲ್ಲ.

ಎರಡನೆಯದು ಕ್ಲೊನಾಜೆಪಾಂ, ಲೊರಾಜೆಪಾಂ, ಆಲ್‌ಪ್ರಾಜೊಲಾಂನಂತಹ ಗುಳಿಗೆ. ನುಂಗಿದ ರಾತ್ರಿಯೇ ನಿದ್ರೆ ಬರುತ್ತದೆ, ಆದ್ದರಿಂದ ಇದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಬಹಳ ದಿನ ತೆಗೆದುಕೊಂಡರೆ ದೇಹ ಇದಕ್ಕೆ ಒಗ್ಗಿ, ಇದಿಲ್ಲದೆ ನಿದ್ರೆಯೇ ಬಾರದಂತಾಗುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ಕೈನಡುಕ, ಕಳವಳ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದಕ್ಕೇ ಇದನ್ನು ಸಾಮಾನ್ಯವಾಗಿ 2ರಿಂದ 4 ವಾರಗಳಿಗೆ ಮಾತ್ರ ಬರೆಯುತ್ತಾರೆ.

ಎರಡೂ ಔಷಧಿ ಸೇರಿರುವ ಒಂದೇ ಗುಳಿಗೆಯೂ ಪೇಟೆಯಲ್ಲಿದೆ. ನಿಮ್ಮದು ಯಾವುದೆಂದು ವೈದ್ಯರನ್ನೋ ನಮ್ಮನ್ನೋ ಕೇಳಿ, ಪಟ್ಟಿಯ ಮೇಲೆ ಗುರುತು ಮಾಡಿಸಿಕೊಳ್ಳಿರಿ.

ಶುರು ಮಾಡುವಾಗ

ಮೊದಲು ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಉದಾಹರಣೆಗೆ, ಎಸ್ಸಿಟಾಲೋಪ್ರಾಂ 5 ಮಿ.ಗ್ರಾಂ. ಕೊಟ್ಟು ನಂತರ 10 ಮಿ.ಗ್ರಾಂ.ಗೆ ಏರಿಸುವುದುಂಟು. ಮೊದಲ ಒಂದೆರಡು ವಾರ ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ಬಾಯಿ ಒಣಗುವುದು, ಚಡಪಡಿಕೆ ಕಾಣಿಸಬಹುದು. ಊಟದ ನಂತರ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಕಡಿಮೆ. ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ದಾಂಪತ್ಯ ಸುಖದಲ್ಲಿ ತೊಂದರೆಯಾದರೆ ಸಂಕೋಚಪಡದೆ ಹೇಳಿರಿ, ಔಷಧಿ ಬದಲಿಸಲು ಬರುತ್ತದೆ.

ಗುಣ ಮಾತ್ರ ತಡವಾಗಿ ಕಾಣುತ್ತದೆ. ಎರಡು ವಾರಗಳ ಹೊತ್ತಿಗೆ ಸ್ವಲ್ಪ ಬದಲಾವಣೆ, 4ರಿಂದ 6 ವಾರಗಳಲ್ಲಿ ಸರಿಯಾದ ಪರಿಣಾಮ. ಅಂದರೆ ತೊಂದರೆ ಮೊದಲು, ಉಪಯೋಗ ಆಮೇಲೆ. ಬಿಡುವವರಲ್ಲಿ ಬಹಳ ಮಂದಿ ಈ ನಡುವಿನ ದಿನಗಳಲ್ಲೇ ಬಿಡುತ್ತಾರೆ. ಬಿತ್ತಿದ ಮರುದಿನ ಮೊಳಕೆ ಬಂತೇ ಎಂದು ಯಾರೂ ಮಣ್ಣು ಕೆದರುವುದಿಲ್ಲ, ಅಲ್ಲವೇ?

ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ಬರಬೇಕಾದ ಲಕ್ಷಣಗಳು:
- ಸಾಯುವ ಮಾತು ಅಥವಾ ವಿಚಾರ ಹೆಚ್ಚಾಗುವುದು. 25 ವರ್ಷದೊಳಗಿನವರಲ್ಲಿ, ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗ ವಿಶೇಷ ಎಚ್ಚರ ಬೇಕು.
- ನಿದ್ರೆಯೇ ಬೇಡವಾಗಿ ಅತಿಯಾದ ಉತ್ಸಾಹ, ಮಿತಿಮೀರಿದ ಮಾತು, ಖರ್ಚು.
- ವಯಸ್ಸಾದವರಲ್ಲಿ ಗೊಂದಲ, ತೂಕಡಿಕೆ. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು.
- ಮಲ ಕಪ್ಪಾಗುವುದು. ಆಸ್ಪಿರಿನ್ ಅಥವಾ ನೋವಿನ ಗುಳಿಗೆಯನ್ನೂ ತೆಗೆದುಕೊಳ್ಳುವವರು ಇದನ್ನು ಗಮನಿಸಬೇಕು.

ಬೇರೆ ಔಷಧಿ ನಡೆದಿದ್ದರೆ, ಗರ್ಭಿಣಿಯಾಗಿದ್ದರೆ, ಮದ್ಯದ ಅಭ್ಯಾಸವಿದ್ದರೆ ಮೊದಲೇ ತಿಳಿಸಿರಿ. ಗರ್ಭಿಣಿಯೆಂದು ತಿಳಿದ ಕೂಡಲೇ ಹೆದರಿ ತಾವಾಗಿಯೇ ಬಿಡಬೇಡಿರಿ, ವೈದ್ಯರನ್ನು ಕಾಣಿರಿ.

ಗುಣವಾದ ಮೇಲೆ ಯಾಕೆ ಮುಂದುವರಿಸಬೇಕು?

ನಿದ್ರೆ ಬಂತು, ಊಟ ಸೇರಿತು, ಮನೆಗೆಲಸ ಹೊಲದ ಕೆಲಸ ಶುರುವಾಯಿತು. ಇನ್ನು ಗುಳಿಗೆ ಯಾಕೆ ಅನ್ನಿಸುವುದು ಸಹಜ. ಆದರೆ ಈಗಲೇ ಬಿಟ್ಟರೆ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಪೂರ್ತಿ ಗುಣವಾದ ದಿನದಿಂದ ಕನಿಷ್ಠ 6 ತಿಂಗಳು, ಹೆಚ್ಚಾಗಿ 6ರಿಂದ 9 ತಿಂಗಳು ಮುಂದುವರಿಸಲು ಹೇಳುತ್ತಾರೆ. ಹಿಂದೆ ಹಲವು ಸಲ ಖಿನ್ನತೆ ಬಂದಿದ್ದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು.

ನಿಲ್ಲಿಸುವಾಗ

ಚಟವಲ್ಲದಿದ್ದರೂ ಮಿದುಳು ಈ ಔಷಧಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟು ಹೊಡೆದಂತಹ ಅನುಭವ, ಸಿಡುಕು, ಅಳು, ಕೆಟ್ಟ ಕನಸು ಕಾಣಿಸಬಹುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು. ದೇಹದಲ್ಲಿ ಬಹಳ ದಿನ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ.

ಇದನ್ನು ಕಂಡು "ರೋಗ ತಿರುಗಿ ಬಂತು" ಎಂದು ಹೆದರುವವರಿದ್ದಾರೆ. ಬಿಟ್ಟದ್ದರ ತೊಂದರೆ ಸಾಮಾನ್ಯವಾಗಿ ಕೆಲ ದಿನಗಳಲ್ಲೇ ಬರುತ್ತದೆ, ಗುಳಿಗೆ ಮತ್ತೆ ಶುರು ಮಾಡಿದರೆ ಬೇಗ ಇಳಿಯುತ್ತದೆ. ಖಿನ್ನತೆ ಮರುಕಳಿಸುವುದು ಹೆಚ್ಚಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ, ನಿಧಾನವಾಗಿ. ಯಾವುದೆಂದು ತೀರ್ಮಾನಿಸುವುದು ವೈದ್ಯರಿಗೆ ಬಿಟ್ಟದ್ದು. ಏನು, ಯಾವಾಗ ಕಾಣಿಸಿತೆಂದು ನೀವು ಬರೆದಿಟ್ಟರೆ ಅವರಿಗೆ ಅನುಕೂಲ.

ನಿಲ್ಲಿಸುವ ಸರಿಯಾದ ಕ್ರಮ ಹೀಗಿದೆ:
- ಹಲವು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತಿಂಗಳುಗಳೇ ಬೇಕಾಗಬಹುದು. ಕೊನೆಯ ಮೆಟ್ಟಿಲುಗಳು ಇನ್ನೂ ಸಣ್ಣವಿರಬೇಕು.
- ವೈದ್ಯರು ಹೇಳದೆ ದಿನ ಬಿಟ್ಟು ದಿನ ತೆಗೆದುಕೊಳ್ಳಬೇಡಿರಿ. ಔಷಧಿಯ ಮಟ್ಟ ಏರಿಳಿದು ತೊಂದರೆ ಹೆಚ್ಚುತ್ತದೆ.
- ಎಲ್ಲ ಗುಳಿಗೆಗಳನ್ನೂ ಮುರಿಯಬಾರದು. ಮೊದಲು ಕೇಳಿರಿ.
- ನಿದ್ರೆಯ ಗುಳಿಗೆಯನ್ನೂ ಇದನ್ನೂ ಒಟ್ಟಿಗೆ ಇಳಿಸಬೇಡಿರಿ. ಯಾವುದು ಮೊದಲೆಂದು ವೈದ್ಯರು ಹೇಳುತ್ತಾರೆ.
- ಮದುವೆಯ ಓಡಾಟ, ಪರೀಕ್ಷೆ, ಸುಗ್ಗಿ, ಮನೆಯಲ್ಲಿ ಸಾವುನೋವು ಇರುವಾಗ ಇಳಿಸಲು ಶುರು ಮಾಡಬೇಡಿರಿ.

ನಡುವೆ ತಪ್ಪದಿರಲಿ

ಗುಳಿಗೆ ಮುಗಿದು ಹೋಗುವುದೂ ಒಮ್ಮೆಲೇ ಬಿಟ್ಟಂತೆಯೇ. ಐದು ದಿನದ್ದು ಉಳಿದಿರುವಾಗಲೇ ತರಿಸಿಕೊಳ್ಳಿರಿ. ದುಡ್ಡಿನ ಅಡಚಣೆಯಿದ್ದರೆ ನಾಚದೆ ಹೇಳಿರಿ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲೂ ವಿಚಾರಿಸಬಹುದು. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿರಿ. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸವಿದ್ದರೂ ಗುಳಿಗೆ ತಪ್ಪಿಸಬೇಡಿರಿ. ಯಾವ ಹೊತ್ತಿಗೆ, ಏನು ತಿಂದು ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳಿರಿ.

ಜೊತೆಗಿರುವವರಿಗೆ

"ಹುಚ್ಚಿನ ಗುಳಿಗೆ", "ಎಷ್ಟು ದಿನ ನುಂಗುತ್ತೀ?" ಎಂಬ ಮಾತುಗಳನ್ನು ದಯವಿಟ್ಟು ಆಡಬೇಡಿರಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಯಂತೆ ಇದೂ ಒಂದು ಔಷಧಿ. ಮೊದಲ ವಾರಗಳಲ್ಲಿ ಗುಳಿಗೆಗಳು ನಿಮ್ಮ ಕೈಯಲ್ಲಿರಲಿ, ಹೊತ್ತಿಗೆ ಸರಿಯಾಗಿ ಕೊಡಿರಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಭೇಟಿಗೆ ಬರುವಾಗ ಚೀಟಿಯ ಜೊತೆ ಉಳಿದ ಗುಳಿಗೆಗಳನ್ನೂ ಖಾಲಿ ಪಟ್ಟಿಗಳನ್ನೂ ತನ್ನಿರಿ. ನಡುವೆ ಬಿಟ್ಟಿದ್ದರೆ ಬಿಟ್ಟಿದ್ದೇನೆ ಎಂದೇ ಹೇಳಿರಿ. ಯಾರೂ ಬೈಯುವುದಿಲ್ಲ. ನಿಜ ತಿಳಿದರೆ ಮಾತ್ರ ಸರಿಯಾದ ಪ್ರಮಾಣ ಬರೆಯಲು ವೈದ್ಯರಿಗೆ ಸಾಧ್ಯ.